ಕಪ್ಪಾಗಿ ಕಂಡ ಅಕ್ಷರ

ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯ ಬಾಗಿಲನ್ನು ಮುಂದೆ ಮಾಡಿಕೊಂಡು ಅವಳು ದಿನದ ಎರಡನೆಯ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಳು. ಮೊದಲನೆಯದು ಮನೆಯಲ್ಲಿ, ಗಂಡನ ಕಣ್ಣೆದುರಿಗೆ, ಡಾಕ್ಟರು ಬರೆದುಕೊಟ್ಟದ್ದು. ಇದು ಅವಳೇ ತನಗೆ ಗೊತ್ತುಮಾಡಿಕೊಂಡದ್ದು. ಔಷಧಿ ಅಂಗಡಿಯವನು ಚೀಟಿ ಕೇಳುವುದನ್ನು ಯಾವತ್ತೋ ಬಿಟ್ಟಿದ್ದ, ಅವಳ ಮುಖ ಕಂಡರೆ ಸಾಕು, ಥೈರಾಯ್ಡ್ ಮಾತ್ರೆಯ ಸೀಸೆಯನ್ನು ಕೆಳಗಿಳಿಸಿ, "ಇನ್ನೇನು ಬೇಕಮ್ಮಾ?" ಎನ್ನುತ್ತಿದ್ದ. ಕುತ್ತಿಗೆಯ ಗ್ರಂಥಿ ಸೋಮಾರಿಯಾಗಿ ಕೂತಿದೆ, ಅದು ಮಾಡದ ಕೆಲಸವನ್ನು ಮಾತ್ರೆ ಮಾಡಬೇಕು, ಅಷ್ಟೇ ತಾನೆ ವಿಷಯ? ಇಷ್ಟಕ್ಕೆ ತಿಂಗಳು ತಿಂಗಳು ಸೂಜಿ ಚುಚ್ಚಿಸಿಕೊಂಡು, ಕಾಗದದ ಮೇಲಿನ ಅಂಕಿಯನ್ನು ಕೇಳಿಕೊಂಡು, ತಾನು ಹೇಗಿದ್ದೇನೆಂದು ತಿಳಿಯಬೇಕಾದ ಗತಿ ಅವಳಿಗೆ ಬಂದಿರಲಿಲ್ಲ. ಅರ್ಧ ಗಂಟೆ ಕಳೆದು ತಿಂಡಿ ತಿನ್ನಬೇಕು ಎನ್ನುವ ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು. ತಾನೇನು ಬೇಜವಾಬ್ದಾರಿ ಹೆಂಗಸಲ್ಲ ಎನ್ನುವುದಕ್ಕೆ ಅವಳಿಗೆ ಅದೇ ಸಾಕ್ಷಿ.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತ ಅವಳ ತಲೆಗೂದಲು ಬೆಳ್ಳಗಾಗಿತ್ತು. ಬೀದಿಗೆಲ್ಲ ಅವಳು ಕನ್ನಡಕದಮ್ಮ. ಈ ಕೆಲಸದಲ್ಲಿ ಒಂದು ವಿಚಿತ್ರವಿದೆ: ಎದುರಿಗೆ ಕೂತವನು ಏನು ಹೇಳುತ್ತಾನೋ ಅದೇ ಸತ್ಯ. ಮೂಗಿನ ಮೇಲೆ ಟ್ರಯಲ್ ಫ್ರೇಮ್ ಏರಿಸಿ, ಒಂದು ಲೆನ್ಸ್ ಹಾಕಿ, ತೆಗೆದು, ಇನ್ನೊಂದು ಹಾಕಿ, "ಇದು ಚೆನ್ನಾಗಿದೆಯೋ, ಅದು ಚೆನ್ನಾಗಿತ್ತೋ?" ಎಂದು ಕೇಳುತ್ತ ಹೋಗಬೇಕು. ಅವನು ಇದು ಎಂದರೆ ಇದು, ಅದು ಎಂದರೆ ಅದು. ಹೊರಗೆ ಕೌಂಟರಿನ ಪಕ್ಕ, ಗದ್ದ ಊರಿದರೆ ತಾನೇ ನಂಬರ್ ಹೇಳುವ ಯಂತ್ರವೊಂದನ್ನು ಯಜಮಾನ ತಂದಿಟ್ಟಿದ್ದ; ಅವಳ ಮರ್ಜಿ ಕಾಯುತ್ತ ಅದು ಬಟ್ಟೆ ಹೊದ್ದುಕೊಂಡು ಕೂತಿತ್ತು. ಯಂತ್ರ ಕಣ್ಣನ್ನು ನೋಡುತ್ತೆ, ನೋಡುವವನನ್ನು ಕೇಳಲ್ಲ ಎಂದು ಅವಳು ಒಮ್ಮೆ ಹೇಳಿದ್ದಳು, ಮತ್ತು ಆ ಮಾತು ತನಗೇ ಎಷ್ಟು ಹಿಡಿಸಿತ್ತೆಂದರೆ ಆಮೇಲೆ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ಬಂದಿದ್ದಳು. ಎರಡು ವರ್ಷದ ಹಿಂದೆ ಡಾಕ್ಟರ ಮುಂದೆ ಕೂತಾಗಲೂ ಹೇಳಬೇಕಿತ್ತು. ಆಗ ಮೈ ಒದ್ದೆ ಕಂಬಳಿ ಹೊದ್ದಂತಿರುತ್ತಿತ್ತು, ಮೆಟ್ಟಿಲು ಹತ್ತುವಾಗ ನಡುವೆ ನಿಂತು ಏಕೆ ಹತ್ತುತ್ತಿದ್ದೆ ಎಂದು ಮರೆತುಹೋಗುತ್ತಿತ್ತು, ಬಾಚಣಿಗೆಯಲ್ಲಿ ಕೂದಲು ಉಂಡೆಯಾಗಿ ಬರುತ್ತಿತ್ತು. ಡಾಕ್ಟರು ರಿಪೋರ್ಟಿನ ಕಡೆಗೇ ನೋಡುತ್ತ, "ಎಲ್ಲಾ ಸರಿ ಇದೆಯಲ್ಲಮ್ಮಾ," ಎಂದಿದ್ದರು. "ಸುಸ್ತು ಡಾಕ್ಟ್ರೇ." "ವಯಸ್ಸೂ ಆಯ್ತಲ್ಲ." ಹೊರಗೆ ಕಾಯುತ್ತಿದ್ದ ಯಾರೋ ನಕ್ಕಿದ್ದರು; ತನಗೇ ನಕ್ಕದ್ದೋ, ಬೇರೆಯದಕ್ಕೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಆ ನಗು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆವತ್ತು ಮನೆಗೆ ಬಂದು ಬ್ಲೇಡಿನಿಂದ ಮಾತ್ರೆಯೊಂದನ್ನು ಎರಡು ಮಾಡಿ, ಅರ್ಧವನ್ನು ಹೆಚ್ಚಿಗೆ ನುಂಗಿದ್ದಳು. ಕೆಲವು ವಾರ ಕಾದು, ತನ್ನನ್ನೇ ಎದುರಿಗೆ ಕೂರಿಸಿಕೊಂಡು ಕೇಳಿದ್ದಳು: ಇದು ಚೆನ್ನಾಗಿದೆಯೋ, ಅದು ಚೆನ್ನಾಗಿತ್ತೋ? ಇದು. ಇನ್ನರ್ಧ. ಈಗ? ಇದೇ. ಮಂಜು ಸರಿದುಹೋಗಿತ್ತು. ರವಿಕೆಗಳು ಸಡಿಲವಾಗಿದ್ದವು. ಬೆಳಗಾಗುವ ಮುಂಚೆ ಎದ್ದು ಕಪಾಟು ಒಪ್ಪ ಮಾಡುವಷ್ಟು ಹುರುಪು ಬಂದಿತ್ತು. ಪಕ್ಕದ ಮನೆಯಾಕೆ, "ಏನ್ರೀ, ಮಗಳಿಗಿಂತ ನೀವೇ ಚಿಕ್ಕವರಾಗಿ ಕಾಣ್ತೀರಿ," ಎಂದಾಗ ಅವಳು ಒಳಗೊಳಗೇ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು. ಎದೆ ಆಗಾಗ ತಾಳ ತಪ್ಪುತ್ತಿತ್ತು, ನಿಜ. ಹುರುಪಿದ್ದವರ ಎದೆ ಸುಮ್ಮನೆ ಹೊಡೆದುಕೊಳ್ಳುತ್ತದೆಯೆ?

"ಅಕ್ಕಾ, ಫ್ಯಾನು ನಿಲ್ಲಿಸ್ಲಾ? ಹಲ್ಲು ಕಟಕಟ ಅಂತಿದೆ," ಎಂದು ಯಜಮಾನ ಹೊರಗಿನಿಂದ ಕೂಗಿದ. ಅವನು ಉಣ್ಣೆಯ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಿದ್ದ. ಅವನ ತಂದೆ ಇದ್ದಾಗಲೇ ಈ ಅಂಗಡಿಗೆ ಬಂದವಳು ಅವಳು. ಚಡ್ಡಿ ಹಾಕಿಕೊಂಡು ಕೌಂಟರಿನ ಕೆಳಗೆ ಆಡುತ್ತಿದ್ದವನು ಈಗ ಯಜಮಾನ. "ನನಗೆ ಸೆಕೆ ಕಣಪ್ಪಾ," ಎಂದಳು. ಅವನು ಬಾಗಿಲಿನವರೆಗೆ ಬಂದು ನಿಂತ. ಹೇಳಲೋ ಬೇಡವೋ ಎಂದು ಅವನು ಕಾಲು ಬದಲಿಸುವುದನ್ನು ಕಂಡೇ ಅವಳಿಗೆ ವಿಷಯ ಗೊತ್ತಾಯಿತು. "ಆ ಬಸ್ ಡ್ರೈವರ್ ಬಂದಿದಾನೆ. ಕನ್ನಡಕ ವಾಪಸ್ ತಂದಿದಾನೆ. ಈ ತಿಂಗಳಲ್ಲಿ ಇದು..." ಎಂದು ನಿಲ್ಲಿಸಿದ. ಎಷ್ಟೋ ವರ್ಷಗಳಿಂದ ಅವಳು ಬರೆದುಕೊಟ್ಟ ನಂಬರ್ ತಿರುಗಿ ಬಂದದ್ದೇ ಇರಲಿಲ್ಲ. ಈಗ ಬರುತ್ತಿತ್ತು. ಜನ ಸರಿಯಾಗಿ ಹೇಳುವುದಿಲ್ಲ, ಎಲ್ಲರಿಗೂ ಅವಸರ, ಫೋನು ನೋಡಿ ನೋಡಿ ಎಲ್ಲರ ಕಣ್ಣೂ ಕೆಟ್ಟಿದೆ ಎಂದು ಅವಳು ಕಾರಣಗಳನ್ನು ಜೋಡಿಸಿಟ್ಟುಕೊಂಡಿದ್ದಳು. "ಕಳಿಸು," ಎಂದಳು ಕಡ್ಡಿ ಮುರಿದಂತೆ.

ಡ್ರೈವರ್ ಕುರ್ಚಿ ತುಂಬ ಕೂತ. ದೂರದ ಊರುಗಳಿಗೆ ಬಸ್ ಓಡಿಸುವವನು, ದೊಡ್ಡ ಅಂಗೈ, ಸಣ್ಣ ದನಿ. "ಬೈಬೇಡಿ ಕನ್ನಡಕದಮ್ಮ. ಇದನ್ನ ಹಾಕ್ಕೊಂಡ್ರೆ ರಸ್ತೆ ಗೆರೆ ಎಳೆದ ಹಾಗೆ ಕಾಣುತ್ತೆ. ಆದ್ರೆ ಸಣ್ಣಗೆ, ಎಲ್ಲೋ ದೂರದಲ್ಲಿ ಇರೋ ಹಾಗೆ. ಸಂಜೆ ಹೊತ್ತಿಗೆ ಹುಬ್ಬಿನ ಮಧ್ಯೆ ಯಾರೋ ಬೆರಳು ಒತ್ತಿ ಹಿಡಿದಂತೆ ಆಗುತ್ತೆ. ಮೊನ್ನೆ ಒಂದು ತಿರುವಿನಲ್ಲಿ..." ಅವನು ತಲೆ ಕೊಡವಿದ. "ಏನೂ ಆಗ್ಲಿಲ್ಲ ಬಿಡಿ. ಆಗಬಹುದಿತ್ತು ಅಷ್ಟೇ."

ಆಗಬಹುದಿತ್ತು ಅಷ್ಟೇ. ಬಸ್ಸಿನ ತುಂಬ ನಿದ್ದೆ ಹೋದ ಜನರನ್ನು ಅವಳು ಕಂಡಳು. ಅವರಲ್ಲಿ ಯಾರಿಗೂ ತಮ್ಮ ಜೀವ ಈ ಕತ್ತಲೆ ಕೋಣೆಯಲ್ಲಿ ಬರೆದ ಒಂದು ಅಂಕಿಯ ಮೇಲೆ ನಿಂತಿದೆ ಎಂದು ಗೊತ್ತಿರಲಿಲ್ಲ. "ಹೋದ ಸಲ ನೀವೇ ಹೇಳಿದ್ದಲ್ವಾ ಇದು ಚೆನ್ನಾಗಿದೆ ಅಂತ?" ಎಂದು ಕೇಳಿದಳು, ತನ್ನ ದನಿ ಅಂಗಡಿ ಬೀದಿಯ ಜಗಳದ ದನಿಯಾಗುತ್ತಿರುವುದು ಕಿವಿಗೆ ಬಿದ್ದರೂ. "ಹೇಳಿದ್ದೆ. ನೀವು ಎಷ್ಟು ಬೇಗ ಕೇಳ್ತೀರಿ ಅಂದ್ರೆ, ನಾನು ಅದು ಅನ್ನೋದ್ರೊಳಗೆ ಇದೂ ಹೋಗಿ ಇನ್ನೊಂದು ಬಂದಿರುತ್ತೆ. ಕೊನೆಗೆ ಕೈಗೆ ಸಿಕ್ಕಿದ್ದು ಹೇಳಿದೆ." ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ಈಚೆಗೆ ಎಲ್ಲರೂ ಆಮೆಗಳಾಗಿದ್ದಾರೆ ಎಂದೇ ಅವಳು ತಿಳಿದಿದ್ದಳು: ಬಸ್ಸು ಹತ್ತುವವರು, ಚಿಲ್ಲರೆ ಎಣಿಸುವವರು, ಫೋನಿನಲ್ಲಿ ಮಗಳು, ಊಟಕ್ಕೆ ಕೂತ ಗಂಡ. ತಾನೇ ಓಡುತ್ತಿರಬಹುದೆಂದು ಒಮ್ಮೆಯೂ ಅನಿಸಿರಲಿಲ್ಲ.

ಮೊದಲಿನಿಂದ ಶುರುಮಾಡಿದಳು. ಬೇಕೆಂದೇ ನಿಧಾನವಾಗಿ. ಟ್ರಯಲ್ ಫ್ರೇಮನ್ನು ಅವನ ಮೂಗಿಗೆ ಕೂರಿಸಿ, ಪೆಟ್ಟಿಗೆಯಿಂದ ಲೆನ್ಸ್ ಎತ್ತಿಕೊಂಡು ಅದರ ಸಂದಿಗೆ ಇಳಿಸಲು ಹೋದಳು. ಲೆನ್ಸಿನ ಲೋಹದ ಅಂಚು ಫ್ರೇಮಿಗೆ ತಗಲಿ ಟಿಕಿಟಿಕಿಟಿಕಿ ಎಂದಿತು. ಕೈ ಹಿಂದಕ್ಕೆ ತೆಗೆದುಕೊಂಡು, ಮತ್ತೆ ಇಳಿಸಿದಳು. ಟಿಕಿಟಿಕಿಟಿಕಿ. ತನ್ನ ಬೆರಳುಗಳನ್ನು ಅವಳು ಪರಕೀಯರ ಬೆರಳೆಂಬಂತೆ ನೋಡಿದಳು. ತೆಳ್ಳಗೆ, ಬೆವೆತು, ಇರುವಲ್ಲಿ ಇರಲಾರದೆ ಅವು ಸಣ್ಣಗೆ ಅದುರುತ್ತಿದ್ದವು. ಡ್ರೈವರ್ ತನ್ನ ದೊಡ್ಡ ಅಂಗೈಯನ್ನು ಮೇಲೆತ್ತಿ, ಅವಳ ಮಣಿಕಟ್ಟಿನ ಕೆಳಗೆ ಆಸರೆಯಾಗಿ ಹಿಡಿದ. ಲೆನ್ಸ್ ಜಾರಿ ಕೂತಿತು. "ನಮ್ಮ ಡಿಪೋದಲ್ಲಿ ಈ ಕೈಗೆ ಸ್ಟೀರಿಂಗ್ ಕೊಡ್ತಿರಲಿಲ್ಲ ಕನ್ನಡಕದಮ್ಮ," ಎಂದ. ಹಂಗಿಸಿದ್ದಲ್ಲ, ತಮಾಷೆಗೆ ಅಂದದ್ದು. ಅದಕ್ಕೇ ಹೆಚ್ಚು ಚುಚ್ಚಿತು. ಗಿರಾಕಿಯೊಬ್ಬ ತನ್ನ ಕೈ ಹಿಡಿದು ತನ್ನ ಕೆಲಸ ಮಾಡಿಸಿದ. ಇದಕ್ಕಿಂತ ಅವನು ಕನ್ನಡಕವನ್ನು ಮುಖಕ್ಕೆ ಎಸೆದಿದ್ದರೆ ವಾಸಿಯಿತ್ತು.

"ಈಗ ನೋಡಿ. ಇದು ಚೆನ್ನಾಗಿದೆಯೋ..." ಎಂದು ಇನ್ನೊಂದು ಲೆನ್ಸ್ ಹಿಡಿದು, ಮನಸ್ಸಿನಲ್ಲಿ ಉಸಿರು ಎಣಿಸಿ, "...ಇದೋ?" ಎಂದಳು. "ಇದು. ಅಕ್ಷರ ಇನ್ನೂ ಕಪ್ಪಾಯ್ತು." "ಕಪ್ಪಾಯ್ತು, ಸರಿ. ಕೆಳಗಿನ ಸಾಲು ಓದೋಕಾಗುತ್ತಾ?" ಅವನು ಕತ್ತು ಮುಂದೆ ಚಾಚಿದ. "ಇಲ್ಲ. ಅದೇ ಸಾಲು. ಆದ್ರೆ ಕಪ್ಪಗಿದ್ರೆ ಒಂಥರ ಧೈರ್ಯ ಬರುತ್ತೆ ನೋಡಿ."

ಕೆಲಸ ಕಲಿಯುವಾಗ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಇದು. ಲೆನ್ಸಿನ ಮೈನಸ್ ನಂಬರ್ ಹೆಚ್ಚಿಸಿದಷ್ಟೂ ಅಕ್ಷರ ಕಪ್ಪಗಾಗುತ್ತ, ಸಣ್ಣಗಾಗುತ್ತ ಹೋಗುತ್ತದೆ. ಗಿರಾಕಿ ಇನ್ನೂ ಚೆನ್ನಾಗಿದೆ, ಇನ್ನೂ ಚೆನ್ನಾಗಿದೆ ಎನ್ನುತ್ತಲೇ ಇರುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆ ಕಪ್ಪನ್ನು ತಂದುಕೊಡಲು ಕಣ್ಣು ಒಳಗೊಳಗೇ ತಿಣುಕುತ್ತಿರುತ್ತದೆ, ಅದು ಅವನಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಗೋಡೆಯ ಮೇಲೆ ಇನ್ನೊಂದು ಪಟವಿರುವುದು: ಅರ್ಧ ಕೆಂಪು, ಅರ್ಧ ಹಸಿರು, ಎರಡರ ಮೇಲೂ ಅಕ್ಷರಗಳು. ಹಸಿರಿನ ಮೇಲಿನ ಅಕ್ಷರವೇ ಹೆಚ್ಚು ಎದ್ದು ಕಂಡರೆ ನಂಬರ್ ಮೀರಿದೆ ಎಂದರ್ಥ. ಗಿರಾಕಿ ಎಷ್ಟೇ ಖುಷಿಯಾಗಿರಲಿ, ಇಳಿಸಲೇಬೇಕು. ಹೋದ ಸಲ ಇವನಿಗೆ ಅವಳು ಆ ಪಟವನ್ನು ತೋರಿಸಿರಲಿಲ್ಲ. ಯಾರಿಗೂ ತೋರಿಸಿ ಎಷ್ಟು ಕಾಲವಾಯಿತೋ. ಯಾರಿಗಿದೆ ಅಷ್ಟು ಪುರುಸೊತ್ತು? ಈಗ ಪಟದ ದೀಪ ಹಾಕಿ, ಹಳೆಯ ನಂಬರನ್ನೇ ಅವನ ಕಣ್ಣಿಗಿಟ್ಟು, "ಕೆಂಪೋ, ಹಸಿರೋ?" ಎಂದಳು. "ಹಸಿರು. ಕೇಳೋ ಹಾಗೇ ಇಲ್ಲ." ಇಳಿಸಿದಳು. "ಈಗ?" "ಈಗ್ಲೂ ಹಸಿರೇ." ಇನ್ನೂ ಇಳಿಸಿದಳು. ಇವನ ಸುಖವನ್ನು ಒರೆಗೆ ಹಚ್ಚಲು ಗೋಡೆಯ ಮೇಲೆ ಒಂದು ಪಟ ಬೇಕು; ನನ್ನ ಸುಖಕ್ಕೆ ಯಾವ ಪಟವಿತ್ತು? ಇತ್ತು, ರಕ್ತದಲ್ಲಿತ್ತು. ನಾನೇ ದೀಪ ಆರಿಸಿಟ್ಟಿದ್ದೆ. ಎದುರಿಗೆ ಕೂತವನ ಮಾತೇ ಸತ್ಯ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳಿಗೆ, ತನ್ನ ಕಸುಬೇ ಯಾವತ್ತೂ ಆ ಮಾತನ್ನು ಪೂರ್ತಿ ಒಪ್ಪಿರಲಿಲ್ಲ ಎಂದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಬೇಕಾದ ಅರ್ಧವನ್ನು ಇಟ್ಟುಕೊಂಡು, ಬೇಡದ ಅರ್ಧವನ್ನು ಮರೆತಂತೆ ನಟಿಸಿದ್ದಳು, ಅದೂ ತನ್ನ ಮುಂದೆಯೇ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂದಿತು, ಆ ರಿಪೋರ್ಟಿನಿಂದ ತಲೆ ಎತ್ತದ ಡಾಕ್ಟರ ಮೇಲೆ. ಆ ಸಿಟ್ಟು ಸುಳ್ಳಲ್ಲ ಎಂದೂ ಅವಳಿಗೆ ಖಾತ್ರಿಯಿತ್ತು. "ಈಗ ಎರಡೂ ಒಂದೇ ಥರ ಕಾಣ್ತಿದೆ," ಎಂದ ಡ್ರೈವರ್. "ಆದ್ರೆ ಮೊದಲಿನಷ್ಟು ಜೋರಿಲ್ಲ." "ಸರಿಯಾದದ್ದು ಮೊದಮೊದಲು ಹಾಗೇ ಇರುತ್ತೆ," ಎಂದಳು. ಎಷ್ಟೋ ಜನಕ್ಕೆ ಹೇಳಿದ ಮಾತು. ಹೊಸ ನಂಬರನ್ನು ಚೀಟಿಯ ಮೇಲೆ ನಿಧಾನವಾಗಿ ಬರೆದಳು.

ಡ್ರೈವರ್ ಹೋದ ಮೇಲೆ ಹೊರಗೆ ಬಂದಾಗ ಯಜಮಾನ ಯಂತ್ರದ ಮೇಲಿನ ಬಟ್ಟೆಯನ್ನು ಮಡಿಸುತ್ತಿದ್ದ. ಅವಳನ್ನು ಕಂಡು ಕದ್ದು ಸಿಕ್ಕಿಬಿದ್ದವನಂತೆ ನಿಂತ. "ಇನ್ಮೇಲೆ ಮೊದಲು ಇದರಲ್ಲಿ ನೋಡಿಬಿಟ್ಟು, ಆಮೇಲೆ ನಿಮ್ಮ ಹತ್ರ ಕಳಿಸ್ತೀನಿ ಅಕ್ಕಾ. ಬೇಜಾರು ಮಾಡ್ಕೋಬೇಡಿ." "ನನ್ನ ಕೆಲಸ ಒರೆಗೆ ಹಚ್ತೀಯಾ?" "ಅಪ್ಪ ಇದ್ದಿದ್ರೆ ನಿಮ್ಮನ್ನ ಕುರ್ಚಿಯಿಂದಲೇ ಎಬ್ಬಿಸ್ತಿದ್ರು," ಎಂದ, ಮತ್ತು ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡ. ಅವಳು ಏನೋ ಅನ್ನಲು ಬಾಯಿ ತೆರೆದಳು. ಆಗ ಎದೆಯೊಳಗೆ ಒಂದು ಬಡಿತ ಬರಬೇಕಾದಲ್ಲಿ ಬರಲಿಲ್ಲ. ಆಮೇಲೆ ಮೂರು ನಾಲ್ಕು ಒಟ್ಟೊಟ್ಟಿಗೆ ನುಗ್ಗಿ ಬಂದವು, ಮತ್ತೆ ನಿಂತವು, ಮತ್ತೆ ನುಗ್ಗಿದವು, ಯಾವ ತಾಳಕ್ಕೂ ಸಿಗದೆ. ಕೌಂಟರಿನ ಗಾಜಿನ ಕೆಳಗೆ ಸಾಲಾಗಿ ಮಲಗಿಸಿದ್ದ ಫ್ರೇಮುಗಳೆಲ್ಲ ಅವಳ ಕಡೆ ತಿರುಗಿ ನೋಡಿದವು. ಹುರುಪು ಎಂದು ಹೆಸರಿಟ್ಟು ಸಾಕಿಕೊಂಡು ಬಂದದ್ದು ಇದೇ ಎಂದು ಅವಳಿಗೆ ಹೊಳೆಯಿತು. ನೆಲದ ಮೇಲೆ ಕೂತುಬಿಟ್ಟಳು. "ನಿಮ್ಮ ಮನೆಯವರಿಗೆ ಫೋನ್ ಮಾಡ್ಲಾ ಅಕ್ಕಾ?" ಎಂದು ಅವನು ಟೋಪಿ ಕಿತ್ತು ಅವಳಿಗೆ ಗಾಳಿ ಹಾಕುತ್ತಿದ್ದ. "ಮಾಡು," ಎಂದಳು. ಬೇಡ ಎನ್ನುವುದಕ್ಕೆ ಉಸಿರು ಸಾಲಲಿಲ್ಲ.

ಗಂಡ ಬಂದಾಗ ಕಾಲಿನ ಚಪ್ಪಲಿಗಳು ಬೇರೆ ಬೇರೆ ಜೊತೆಯವು. ಆಟೋದಲ್ಲಿ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟು ಹಿಡಿದುಕೊಂಡಿದ್ದ. ಅವನ ಮಾತು ಕಮ್ಮಿಯಾಗಿ ಬಹಳ ದಿನವಾಗಿತ್ತು. ಊಟಕ್ಕೆ ಕೂತರೆ ತನ್ನ ತಟ್ಟೆ ಬಿಟ್ಟು ಅವಳ ತಟ್ಟೆಯನ್ನು ನೋಡುತ್ತಿದ್ದ. ಕನ್ನಡಿಯ ಮುಂದೆ ಅವಳು ಸೀರೆ ಸರಿಮಾಡಿಕೊಳ್ಳುವಾಗ ಬಾಗಿಲಲ್ಲಿ ನಿಂತು ಅವಳ ಭುಜದ ಮೂಳೆಯನ್ನೇ ದಿಟ್ಟಿಸುತ್ತಿದ್ದ. ತಾನು ಚಿಕ್ಕವಳಾಗಿ ಕಾಣುತ್ತಿರುವುದು, ಹೊಟ್ಟೆ ಮುಂದೆ ಬಂದ ಈ ಮನುಷ್ಯನಿಗೆ ಸಹಿಸುತ್ತಿಲ್ಲ ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಅದನ್ನು ನೆನೆದು ಒಮ್ಮೆ ಒಬ್ಬಳೇ ನಕ್ಕೂ ಇದ್ದಳು.

ಆಸ್ಪತ್ರೆಯಲ್ಲಿ ಈಗಿದ್ದವರು ಬೇರೆ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದೆಗೆ ತಂತಿಗಳನ್ನು ಅಂಟಿಸಿ ತೆಗೆದ ಉದ್ದನೆಯ ಕಾಗದವನ್ನು ನೋಡಿ, ಅವಳಿಗೆ ಎರಡೂ ಕೈ ಮುಂದೆ ಚಾಚಲು ಹೇಳಿ, ಬೆರಳುಗಳ ಮೇಲೆ ಹಾಳೆಯೊಂದನ್ನು ಇಟ್ಟರು. ಹಾಳೆ ಪಟಪಟ ಎಂದಿತು. "ಥೈರಾಯ್ಡ್ ಮಾತ್ರೆ ದಿನಕ್ಕೆ ಎಷ್ಟು?" ಎಂದು ಕೇಳಿದರು. "ಒಂದೇ ಡಾಕ್ಟ್ರೇ," ಎಂದು ಗಂಡ ಥಟ್ಟನೆ ಹೇಳಿದ. "ನಾನೇ ನೋಡ್ತೀನಲ್ಲ ದಿನಾ. ಒಂದು ದಿನಾನೂ ತಪ್ಪಿಸಲ್ಲ ಅವಳು." ಆ ದನಿಯಲ್ಲಿದ್ದ ಹೆಮ್ಮೆಯನ್ನು ಕೇಳಿ ಅವಳಿಗೆ ಎದ್ದು ಓಡಿಹೋಗೋಣ ಅನಿಸಿತು. ಹೌದು ಎಂದುಬಿಟ್ಟರೆ ಮುಗಿಯಿತು. ಡಾಕ್ಟರು ಬೇರೇನೋ ಕಾರಣ ಹುಡುಕುತ್ತಾರೆ. ನಾಳೆಯಿಂದ ತಾನೇ ಗುಟ್ಟಾಗಿ ಇಳಿಸಿಕೊಂಡರಾಯಿತು. ಹೇಗೆ ಏರಿಸಿದೆನೋ ಹಾಗೆ, ತನ್ನನ್ನೇ ಕೇಳಿಕೊಂಡು. ಆದರೆ ಯಾರನ್ನು ಕೇಳಿಕೊಳ್ಳುವುದು? ಎದುರಿಗೆ ಕೂತವಳಿಗೆ ಕಪ್ಪಗೆ ಕಂಡದ್ದೆಲ್ಲ ಚೆಂದವೇ.

"ಎರಡು," ಎಂದಳು. "ಮನೇಲಿ ಒಂದು. ಅಂಗಡೀಲಿ ಇನ್ನೊಂದು. ಎರಡು ವರ್ಷದಿಂದ. ರಕ್ತ ಪರೀಕ್ಷೆ ಮಾಡಿಸಿಲ್ಲ, ನಾನೇ ನೋಡ್ಕೊಂಡು ಹಾಕ್ಕೊಂಡೆ." ಗಂಡನ ಕಡೆ ನೋಡಲಿಲ್ಲ. ಡಾಕ್ಟರು ಬೈಯುತ್ತಾರೆಂದು ಕಾದಳು. ಅವರು ಬೈಯಲಿಲ್ಲ. ಹೃದಯ ಲಯ ತಪ್ಪಿದೆ, ಇವತ್ತು ಇಲ್ಲೇ ಇರಬೇಕಾಗುತ್ತೆ, ಹೀಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದಿತ್ತು, ಮೂಳೆಗಳನ್ನೂ ನೋಡಬೇಕು, ಅವೂ ಸವೆದಿರಬಹುದು ಎಂದರು. "ಮಾತ್ರೆ ಎಷ್ಟು ಅಂತ ರಕ್ತ ನೋಡಿ ನಾನು ಹೇಳ್ತೀನಿ. ನೀವಾಗಿ ಏರಿಸೋದೂ ಬೇಡ, ಹೆದರಿಕೊಂಡು ಪೂರ್ತಿ ನಿಲ್ಲಿಸೋದೂ ಬೇಡ."

"ಒಂದು ಮಾತು ಡಾಕ್ಟರಮ್ಮ," ಎಂದಳು. ಬೆನ್ನು ನೆಟ್ಟಗಾಯಿತು, ಗಿರಾಕಿಗೆ ನಂಬರ್ ವಿವರಿಸುವ ದನಿ ತಾನಾಗಿಯೇ ಮರಳಿತು. "ಆವತ್ತು ನಾನು ಸುಸ್ತು ಅಂದಾಗ ಇಲ್ಲಿ ಯಾರೂ ತಲೆ ಎತ್ತಿ ನೋಡ್ಲಿಲ್ಲ. ರಿಪೋರ್ಟ್ ಸರಿ ಇತ್ತು, ನಾನು ಸರಿ ಇರಲಿಲ್ಲ. ನಾನು ಮಾಡಿದ್ದು ತಪ್ಪು, ಒಪ್ಕೊಂಡೆ. ಅದೂ ತಪ್ಪೇ. ಈಗ ಇಳಿಸಿದ್ರೆ ಮತ್ತೆ ಮಂಕು ಕವಿಯಬಹುದು. ಬಂದು ಹೇಳಿದ್ರೆ ವಯಸ್ಸಾಯ್ತು ಅಂತ ಕಳಿಸಬಾರದು." ಡಾಕ್ಟರು ಪೆನ್ನು ಕೆಳಗಿಟ್ಟರು. "ಕಳಿಸಲ್ಲ. ನೀವು ಹೇಳಿ, ನಾನು ಕೇಳ್ತೀನಿ. ಆದ್ರೆ ಹೇಳೋಕೆ ಬಂದ ದಿನವೇ ರಕ್ತಾನೂ ಕೊಡಬೇಕು. ನಿಮ್ಮ ಮಾತು ಒಂದೇ ಸಾಲದು, ಬರೀ ರಿಪೋರ್ಟೂ ಸಾಲದು." "ಆಯ್ತು," ಎಂದಳು. ಯಾರ ಮುಂದೆಯೂ ತಲೆ ತಗ್ಗಿಸದೆ ಒಪ್ಪಿಕೊಳ್ಳುವುದು ಸಾಧ್ಯವಿದೆ ಎನ್ನುವುದು ಅವಳಿಗೆ ಹೊಸದಾಗಿತ್ತು.

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಗಂಡ ಕೆಮ್ಮಿದ. "ಡಾಕ್ಟ್ರೇ, ಇವಳು ಇಷ್ಟು ಸೊರಗಿದ್ದು... ಈ ಮಾತ್ರೆಯಿಂದಲೇನಾ?" "ಹೌದು." "ಬೇರೆ ಏನೂ ಅಲ್ವಾ?" "ಬೇರೆ ಏನು ಅಂತ ಅಂದ್ಕೊಂಡಿದ್ರಿ?" ಅವನು ಬಾಯಿ ತೆರೆದ, ಯಾವುದೋ ಪ್ರಾಣ ತೆಗೆಯುವ ಕಾಯಿಲೆಯ ಹೆಸರು ಹೇಳಲಾರದೆ ಮುಚ್ಚಿದ. "ಮಗಳಿಗೆ ಬಾ ಅಂತ ಹೇಳಿಬಿಟ್ಟಿದೀನಿ," ಎಂದ ಕೊನೆಗೆ, ಯಾರಿಗೂ ಅಲ್ಲದಂತೆ. "ಅಮ್ಮ ಚೆನ್ನಾಗಿ ಓಡಾಡ್ಕೊಂಡು ಇರುವಾಗಲೇ ಬಂದು ನಾಲ್ಕು ದಿನ ಇದ್ದು ಹೋಗು ಅಂತ. ಏನು ಎತ್ತ ಅಂತ ಹೇಳಿಲ್ಲ. ಟಿಕೆಟ್ ತಗೊಂಡಿದಾಳೆ." ಇಡೀ ವರ್ಷ ಅವನು ಹೆಂಡತಿಯನ್ನು ಮನಸ್ಸಿನಲ್ಲೇ ಮಣ್ಣು ಮಾಡಿಕೊಂಡು ಊಟಕ್ಕೆ ಕೂರುತ್ತಿದ್ದನೆಂದು, ಅದನ್ನು ತಾನು ಹೊಟ್ಟೆಕಿಚ್ಚೆಂದು ತಿಳಿದು ನಕ್ಕಿದ್ದೆನೆಂದು ಅವಳಿಗೆ ಆಗ ತಿಳಿಯಿತು. "ರೀ," ಎಂದಳು. ರಕ್ತ ತೆಗೆಯಲು ನರ್ಸ್ ತಟ್ಟೆ ಹಿಡಿದುಕೊಂಡು ಬಂದಾಗ ಅವಳು ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು. "ಬರಲಿ ಬಿಡಿ ಅವಳು," ಎಂದಳು ಗಂಡನಿಗೆ. "ಬಂದು ಇಬ್ಬರಿಗೂ ಸೇರಿಸಿ ಬೈಲಿ."